ಮಾರ್ಟಳ್ಳಿಯ ಮಕ್ಕಳು, ಮಲೆಯ ಕಾಡು

2025ರ ಜೂನ್ 26ರಂದು ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ಹೆಣ್ಣು ಹುಲಿ ಮತ್ತು ಅದರ ನಾಲ್ಕು ಮರಿಗಳ ಕಳೇಬರಗಳು ಸಿಕ್ಕವು. ಹಸುವಿನ ಹೆಣಕ್ಕೆ ವಿಷ ಹಾಕಲಾಗಿತ್ತು. ಅದನ್ನು ತಿಂದ ತಾಯಿಯೂ ಮರಿಗಳೂ ಉಳಿಯಲಿಲ್ಲ. ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಟ್ಟಿಗೇ ಐದು ಹುಲಿ ಹೋದ ಸುದ್ದಿ ದೇಶದ ಉದ್ದಗಲಕ್ಕೂ ಹರಡಿತು. ಸರ್ಕಾರ ತನಿಖೆಗೆ ಆದೇಶಿಸಿತು, ಬಂಧನಗಳಾದವು, ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಮಾತು ವಿಧಾನಸೌಧದವರೆಗೂ ಹೋಯಿತು. ಆ ದಿನಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ಒಂದು ಮಾತಿದೆ: ಜನ ಜಾಸ್ತಿಯಾದರು, ಅದಕ್ಕೇ ಕಾಡು ಕಿರಿದಾಯಿತು.

ಈ ಮಾತನ್ನು ಹೇಳುವುದು ಸುಲಭ, ಒಪ್ಪಿಸುವುದು ಇನ್ನೂ ಸುಲಭ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2001ರಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಸುಮಾರು 9.65 ಲಕ್ಷ, 2011ರಲ್ಲಿ 10.20 ಲಕ್ಷ. ಹತ್ತು ವರ್ಷದ ಏರಿಕೆ ಶೇ 6ನ್ನೂ ಮುಟ್ಟಲಿಲ್ಲ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಏರಿಕೆ ಶೇ 15ಕ್ಕೂ ಮೇಲೆ. ಕೊಳ್ಳೇಗಾಲ, ಹನೂರು, ಯಳಂದೂರು ಸೇರಿದ ಈ ಸೀಮೆಯಲ್ಲಿ ಹುಟ್ಟುವವರೂ ಕಡಿಮೆಯಾಗಿದ್ದಾರೆ, ಹುಟ್ಟಿದವರು ಊರು ಬಿಟ್ಟು ಹೋಗುವುದೂ ಹೆಚ್ಚಾಗಿದೆ. ಮಳೆ ಕೈಕೊಟ್ಟ ವರ್ಷ ಕೊಡಗಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ತಮಿಳುನಾಡಿನ ಗಿರಣಿಗಳಿಗೆ ಗುಳೆ ಹೋಗುವ ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ಸಾಕ್ಷರತೆ 2011ರಲ್ಲಿ ಶೇ 61ರ ಆಸುಪಾಸಿನಲ್ಲಿತ್ತು. ರಾಜ್ಯದ ಸರಾಸರಿ ಶೇ 75. ಅಂದರೆ ಇಲ್ಲಿಯ ಕೊರತೆ ಇರುವುದು ಓದಿನಲ್ಲಿ, ದುಡಿಮೆಯಲ್ಲಿ. ತಲೆ ಎಣಿಸಿದರೆ ಅದು ಕಾಣುವುದಿಲ್ಲ.

ಈ ಚರ್ಚೆಯ ಹಿಂದಿರುವ ಮಕ್ಕಳನ್ನು ಹೆರುವುದು, ಮನುಷ್ಯರ ಏಳಿಗೆ, ಭೂಮಿಯ ಪಾಲನೆ ಈ ಮೂರನ್ನೂ ಒಂದೇ ಬೋಧನೆಯೊಳಗೆ ತಂದವರಲ್ಲಿ ಕ್ರೈಸ್ತ ಸಭೆಯೂ ಒಂದು. ಆ ಬೋಧನೆಯನ್ನು ರೋಮ್‌ನಲ್ಲಿ ಕುಳಿತು ಓದುವುದಕ್ಕಿಂತ ಈ ಮೂರು ತಾಲ್ಲೂಕುಗಳಲ್ಲಿ ನಿಂತು ಓದಿದರೆ ಅದರ ಬಲವೂ ಕಾಣುತ್ತದೆ, ಅದು ಎಲ್ಲಿ ಎಡವಿದೆ ಎಂಬುದೂ ಕಾಣುತ್ತದೆ.

ಈ ಸೀಮೆಗೂ ಕ್ರೈಸ್ತರಿಗೂ ನಂಟು ಹಳೆಯದು. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ವಿಂಗಡಣೆಯಾದ ಮೇಲಷ್ಟೇ ಅದು ಮೈಸೂರಿನ ಪಾಲಾದದ್ದು. ಹೀಗಾಗಿ ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದಂಥ ಊರುಗಳಲ್ಲಿ ಮನೆಯೊಳಗೆ ತಮಿಳು, ಸಂತೆಯಲ್ಲಿ ಕನ್ನಡ, ಭಾನುವಾರ ಬಲಿಪೂಜೆ. ಕಥೋಲಿಕರೇ ಹೆಚ್ಚಾಗಿರುವ ಈ ಹಳ್ಳಿಗಳು 1940ರಲ್ಲಿ ಸ್ಥಾಪನೆಯಾದ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಒಂದು ಕಡೆ ಅವನ ಭಯ, ಇನ್ನೊಂದು ಕಡೆ ಪೊಲೀಸರ ಶಂಕೆ ಎರಡನ್ನೂ ಉಂಡ ಊರುಗಳಿವು. ಟಾಡಾ ಕಾಯ್ದೆಯಡಿ ಜೈಲು ಸೇರಿದವರ ಮನೆಗಳಲ್ಲಿ ಹೆಂಗಸರೇ ಉತ್ತು ಬಿತ್ತು ಮಕ್ಕಳನ್ನು ದಡ ಸೇರಿಸಿದರು. ಕುಟುಂಬ ಎಂಬ ವಿಷಯದ ಮೇಲೆ ಪ್ರಬೋಧನೆ ಮಾಡಲು ಇಲ್ಲಿಗೆ ಬರುವ ಯಾವ ಗುರುವೂ ಆ ಹೆಂಗಸರ ಬದುಕನ್ನು ಮೊದಲು ಕೇಳಿ ತಿಳಿಯಬೇಕು.

ಇನ್ನು ಬೋಧನೆಗೆ ಬರೋಣ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರಿಗೆ ಸಂತಾನದ ಹರಕೆ ಕೊಡುತ್ತಾನೆ, ಭೂಮಿಯ ಮೇಲೆ ಒಡೆತನವನ್ನೂ ಕೊಡುತ್ತಾನೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನೇ ಹಿಡಿದು, ಪಶ್ಚಿಮದ ಕ್ರೈಸ್ತಧರ್ಮವೇ ಇಂದಿನ ಪರಿಸರ ನಾಶದ ಬೇರು ಎಂದು ವಾದಿಸಿದರು. ಆ ಲೇಖನದ ಏಟು ಸಭೆಗೆ ಚೆನ್ನಾಗಿಯೇ ತಗುಲಿತು. ಅದಕ್ಕೆ ಸಿಕ್ಕ ಉತ್ತರ ಅದೇ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ: ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಗೇಯಲು ಮತ್ತು ಕಾಯಲು. ಏಳು ವರ್ಷಕ್ಕೊಮ್ಮೆ ನೆಲಕ್ಕೆ ಬಿಡುವು ಕೊಡಬೇಕೆಂಬ ಕಟ್ಟಳೆಯೂ ಹಳೆಯ ಒಡಂಬಡಿಕೆಯಲ್ಲಿದೆ. ಹೊಲವನ್ನು ಒಂದು ವರ್ಷ ಬೀಳು ಬಿಟ್ಟು ದನ ಕಟ್ಟಿ ಮತ್ತೆ ರಾಗಿ ಚೆಲ್ಲುವ ಹನೂರಿನ ಬೇಸಾಯಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಂತಾನದ ವಿಷಯಕ್ಕೆ ಬಂದರೆ 1930 ಒಂದು ಗಮನಾರ್ಹ ವರ್ಷ. ಆ ವರ್ಷದ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಇದನ್ನು ಗುರುತಿಸುತ್ತಾರೆ. ಆಗಸ್ಟ್‌ನಲ್ಲಿ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು, ಗಟ್ಟಿಯಾದ ನೈತಿಕ ಕಾರಣವಿದ್ದರೆ ದಂಪತಿಗಳು ಕೃತಕ ವಿಧಾನ ಬಳಸಬಹುದೆಂದು ಮೊದಲ ಬಾರಿಗೆ ಒಪ್ಪಿದರು. ಅದಕ್ಕೆ ಉತ್ತರವೆಂಬಂತೆ ಡಿಸೆಂಬರ್ 31ರಂದು ಪೋಪ್ 11ನೇ ಪಿಯುಸ್ ಹೊರಡಿಸಿದ ವಿಶ್ವಪತ್ರ 'ಕಾಸ್ತಿ ಕನ್ನೂಬಿಯಿ' ಕೃತಕ ವಿಧಾನಗಳನ್ನೆಲ್ಲ ಖಂಡಿಸಿತು. ಕ್ರೈಸ್ತರಲ್ಲೇ ದಾರಿ ಕವಲೊಡೆದದ್ದು ಹೀಗೆ. ಆದ್ದರಿಂದ ಕ್ರೈಸ್ತ ಬೋಧನೆ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಸರಿಯಾಗದು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಂಥ ಪ್ರಾಟೆಸ್ಟಂಟ್ ಸಭೆಗಳಲ್ಲಿ ಈ ನಿರ್ಧಾರ ಗಂಡ ಹೆಂಡತಿಯ ಮನಸ್ಸಾಕ್ಷಿಗೆ ಬಿಟ್ಟದ್ದು. ಕಥೋಲಿಕ ಸಭೆ ಮಾತ್ರ ದಿನ ಎಣಿಸಿ ದೂರವಿರುವ ನೈಸರ್ಗಿಕ ವಿಧಾನದಾಚೆಗೆ ಹೋಗಲಿಲ್ಲ.

ಆ ನೈಸರ್ಗಿಕ ವಿಧಾನಕ್ಕೂ ಕನ್ನಡ ನೆಲದಲ್ಲಿ ಒಂದು ಅಧ್ಯಾಯವಿದೆ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಮನೆತನದವರು, ಗಾಂಧೀಜಿಯವರ ಅನುಯಾಯಿ. ಎರಡೂ ಕಾರಣಕ್ಕೆ ಕೃತಕ ವಿಧಾನಗಳ ಬಗ್ಗೆ ಅವರಿಗೆ ಒಲವಿರಲಿಲ್ಲ. ಅವರ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1952ರ ಸುಮಾರಿಗೆ ದೆಹಲಿಯ ಲೋಧಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ದಿನ ಎಣಿಸುವ ಪದ್ಧತಿಯ ಪ್ರಯೋಗ ನಡೆಯಿತು. ಅಕ್ಷರ ಬಾರದ ಹೆಂಗಸರಿಗೆ ದಿನ ಗೊತ್ತಾಗಲೆಂದು ಬಣ್ಣಬಣ್ಣದ ಮಣಿಸರ ಮಾಡಲಾಯಿತು: ಮುಟ್ಟಿನ ದಿನಕ್ಕೊಂದು ಬಣ್ಣ, ಬಸಿರು ನಿಲ್ಲಬಹುದಾದ ದಿನಕ್ಕೆ ಕೆಂಪು, ಉಳಿದ ದಿನಕ್ಕೆ ಹಸಿರು. ದಿನಕ್ಕೊಂದು ಮಣಿ ಸರಿಸಬೇಕು. ಕಲಿಯುವ ಆಸೆ ಬಹಳ ಮಂದಿಗಿತ್ತು, ತಪ್ಪದೆ ಪಾಲಿಸಿದವರು ಕೆಲವರೇ. ಮುಟ್ಟು ಎಲ್ಲರಿಗೂ ಕ್ರಮವಾಗಿ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಮಣಿ ಎಣಿಸುವವಳು ಹೆಂಡತಿ. ಕೆಂಪು ಮಣಿಯ ದಿನ ಸುಮ್ಮನಿರಬೇಕಾದವನು ಗಂಡ.

ಪೋಪ್ 6ನೇ ಪೌಲ್ 1967ರ ಮಾರ್ಚ್‌ನಲ್ಲಿ ಹೊರಡಿಸಿದ 'ಪೋಪುಲೋರುಂ ಪ್ರೊಗ್ರೆಸ್ಸಿಯೊ' ಎಂಬ ವಿಶ್ವಪತ್ರವನ್ನು ಇಲ್ಲಿ ನೆನೆಯಲೇಬೇಕು. ಏಳಿಗೆ ಎಂದರೆ ಬರೀ ಹಣದ ಏರಿಕೆಯಲ್ಲ, ಮನುಷ್ಯ ಇಡಿಯಾಗಿ ಮೇಲೇಳಬೇಕು, ಎಲ್ಲ ಮನುಷ್ಯರೂ ಮೇಲೇಳಬೇಕು ಎಂಬುದು ಅದರ ತಿರುಳು. ಜನಸಂಖ್ಯೆ ಬೇಗ ಬೆಳೆದಾಗ ಬಡ ದೇಶಗಳಿಗೆ ಕಷ್ಟವಾಗುತ್ತದೆ ಎಂಬುದನ್ನು ಅದು ಮುಚ್ಚಿಡಲಿಲ್ಲ. ಸರ್ಕಾರಗಳು ತಿಳಿವಳಿಕೆ ಕೊಡಬಹುದು, ತಕ್ಕ ಕ್ರಮ ಕೈಗೊಳ್ಳಬಹುದು, ಆದರೆ ಎಷ್ಟು ಮಕ್ಕಳು ಎಂಬುದನ್ನು ತೀರ್ಮಾನಿಸಬೇಕಾದವರು ತಂದೆ ತಾಯಿ. ಆಗಲೇ ಹುಟ್ಟಿರುವ ಮಕ್ಕಳ ಬಗ್ಗೆಯೂ ಸಮಾಜದ ಬಗ್ಗೆಯೂ ತಮಗಿರುವ ಹೊಣೆಯನ್ನು ಅವರು ತೂಗಿ ನೋಡಬೇಕು ಎಂದಿತು. ಮರುವರ್ಷ, 1968ರ ಜುಲೈ 25ರಂದು, ಅದೇ ಪೋಪ್ 'ಹ್ಯೂಮನೇ ವೀಟೇ' ಬರೆದರು. ಅವರ ಸಲಹಾ ಆಯೋಗದ ಬಹುಮತ ಕೃತಕ ವಿಧಾನಗಳಿಗೆ ಅವಕಾಶ ಕೊಡಬಹುದೆಂದಿತ್ತು. ಅವರು ಅದನ್ನು ಒಪ್ಪಲಿಲ್ಲ. ಸರ್ಕಾರಗಳ ಕೈಗೆ ಈ ವಿಧಾನಗಳು ಸಿಕ್ಕರೆ ಅವು ಜನರ ಮೇಲೆ ಬಲವಂತ ಮಾಡಬಹುದೆಂಬ ಆತಂಕವನ್ನೂ ಆ ಪತ್ರದಲ್ಲಿ ವ್ಯಕ್ತಪಡಿಸಿದರು.

ಎಂಟೇ ವರ್ಷದಲ್ಲಿ ಭಾರತ ಆ ಆತಂಕವನ್ನು ಕಣ್ಣಾರೆ ಕಂಡಿತು. ತುರ್ತು ಪರಿಸ್ಥಿತಿಯ 1976–77ರ ಸಾಲಿನಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಹೆಚ್ಚಿನವು ಗಂಡಸರಿಗೆ. ಗುರಿ ಮುಟ್ಟಿಸದ ನೌಕರರಿಗೆ ಸಂಬಳ ತಡೆಹಿಡಿದದ್ದು, ಬಸ್ಸಿನಿಂದ ಇಳಿಸಿ ಕರೆದೊಯ್ದದ್ದು ಹಳಬರ ನೆನಪಿನಲ್ಲಿ ಇಂದಿಗೂ ಇದೆ. ಆ ಪೆಟ್ಟಿನ ನಂತರ ಗಂಡಸರು ಈ ವಿಷಯದಿಂದಲೇ ದೂರ ಸರಿದರು, ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು? ಸಮೀಕ್ಷೆಯ ಕಾಲಂನಲ್ಲಿ ಸೊನ್ನೆ.

ಈ ಸೊನ್ನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡನೇ ಹೆರಿಗೆ ಆಗುತ್ತಿದ್ದಂತೆ ಆಪರೇಷನ್ ಮಾಡಿಸಿಕೊಂಡು, ವಾರ ಕಳೆಯುವ ಮುನ್ನ ನೀರು ಹೊತ್ತು, ತಿಂಗಳು ತುಂಬುವ ಮುನ್ನ ಕಳೆ ಕೀಳಲು ಹೋದ ಹೆಣ್ಣುಮಕ್ಕಳು ಈ ಸೀಮೆಯ ಪ್ರತಿ ಬೀದಿಯಲ್ಲೂ ಇದ್ದಾರೆ. ಸೊಂಟನೋವು ಎಂದರೆ ಎಲ್ಲರಿಗೂ ಇರುವುದೇ ಎಂಬ ಉತ್ತರ ಸಿಗುತ್ತದೆ. ಅದೇ ಸಮೀಕ್ಷೆ ರಾಜ್ಯದ ಹೆಂಗಸರಲ್ಲಿ ಅರ್ಧದ ಹತ್ತಿರ, ಶೇ 47.8 ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕಥೋಲಿಕ ಸಭೆ ಹೇಳುವ ನೈಸರ್ಗಿಕ ವಿಧಾನದಲ್ಲಿ ಒಂದು ದೊಡ್ಡ ಸತ್ಯವಿದೆ: ಅದು ಗಂಡನನ್ನೂ ಹೊಣೆಗಾರನನ್ನಾಗಿ ಮಾಡುತ್ತದೆ, ಹೆಂಡತಿಯ ದೇಹದ ಲಯವನ್ನು ಅವನು ತಿಳಿಯಬೇಕು, ಗೌರವಿಸಬೇಕು ಎನ್ನುತ್ತದೆ. ಆದರೆ ಗಂಡ ಕುಡಿದು ಬರುವ ಮನೆಯಲ್ಲಿ, ಮೂರು ತಿಂಗಳಿಗೊಮ್ಮೆ ತೋಟದ ಕೆಲಸದಿಂದ ಮರಳುವವನ ಮನೆಯಲ್ಲಿ ಈ ವಿಧಾನ ಹೆಂಡತಿಯ ಕೈಯಲ್ಲಿ ಇರುವುದೇ ಇಲ್ಲ. ಅಂಥವಳಿಗೆ ಇದೊಂದೇ ದಾರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗಂಡಸರನ್ನು ತಿದ್ದುವ ಕೆಲಸ ಮೊದಲು ಆಗಬೇಕು, ಅದು ಆಗುವವರೆಗೆ ಹೆಣ್ಣಿನ ಜೀವ ಉಳಿಸುವ ದಾರಿಗಳನ್ನು ಮುಚ್ಚಬಾರದು.

ಕ್ರೈಸ್ತ ಕುಟುಂಬಗಳು ತಾವಾಗಿಯೇ ಕಡಿಮೆ ಮಕ್ಕಳು ಸಾಕೆಂಬ ತೀರ್ಮಾನಕ್ಕೆ ಬಂದು ಬಹಳ ಕಾಲವಾಯಿತು. ಅದೇ ಸಮೀಕ್ಷೆಯಲ್ಲಿ ದೇಶದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಹುಟ್ಟುವ ಮಕ್ಕಳು, 2.0, ಕ್ರೈಸ್ತರಲ್ಲಿ 1.9, ಕರ್ನಾಟಕದಲ್ಲಿ ಎಲ್ಲ ಧರ್ಮದವರೂ ಸೇರಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಈಗ ಚಿಂತೆ ತಿರುವುಮುರುವಾಗಿದೆ. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳ ನೆರವು ಘೋಷಿಸಿತು. 2024ರಲ್ಲಿ ಆಂಧ್ರ, ತಮಿಳುನಾಡಿನ ಮುಖ್ಯಮಂತ್ರಿಗಳೂ ಹೆಚ್ಚು ಮಕ್ಕಳ ಮಾತನಾಡಿದರು. ಪೋಪ್ ಫ್ರಾನ್ಸಿಸ್ ಅವರ ನಿಲುವು ಇವರೆಲ್ಲರಿಗಿಂತ ಸಮತೂಕದ್ದಾಗಿತ್ತು. 2015ರ ಜನವರಿಯಲ್ಲಿ ಮನಿಲಾದಿಂದ ಮರಳುವ ವಿಮಾನದಲ್ಲಿ ಪತ್ರಕರ್ತರಿಗೆ ಉತ್ತರಿಸುತ್ತ, ಒಳ್ಳೆಯ ಕಥೋಲಿಕರಾಗಲು ಮೊಲಗಳಂತೆ ಹೆರಬೇಕಾಗಿಲ್ಲ, ಬೇಕಾದದ್ದು ಹೊಣೆಯರಿತ ತಾಯ್ತಂದೆತನ ಎಂಬ ಅರ್ಥದ ಮಾತು ಹೇಳಿದರು. ಗರ್ಭಪಾತದ ವಿಷಯದಲ್ಲಿ ಮಾತ್ರ ಅವರೂ ಸಡಿಲಗೊಳ್ಳಲಿಲ್ಲ. ಹುಟ್ಟಲಿರುವ ಜೀವವನ್ನು ಕಾಯದವನು ಪ್ರಕೃತಿಯನ್ನು ಕಾಯುತ್ತೇನೆ ಎನ್ನುವುದು ಹೊಂದುವುದಿಲ್ಲ ಎಂಬುದು ಅವರ ಬರಹದಲ್ಲಿ ಸ್ಪಷ್ಟವಾಗಿದೆ.

ಆ ಬರಹ 'ಲೌದಾತೊ ಸೀ', 2015ರ ಜೂನ್‌ನಲ್ಲಿ ಪ್ರಕಟವಾದ ವಿಶ್ವಪತ್ರ. ಹನೂರಿಗೆ ನೇರವಾಗಿ ಸಲ್ಲುವ ಎರಡು ಮಾತು ಅದರಲ್ಲಿವೆ. ಒಂದು: ಉಳ್ಳವರ ಮಿತಿಮೀರಿದ ಬಳಕೆಯನ್ನು ಬಿಟ್ಟು ಬಡವರ ಜನಸಂಖ್ಯೆಯನ್ನು ದೂರುವುದು ನಿಜವಾದ ಸಮಸ್ಯೆಯಿಂದ ನುಣುಚಿಕೊಳ್ಳುವ ದಾರಿ. ಭಾರತೀಯನೊಬ್ಬ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಾರಣನಾದರೆ ಅಮೆರಿಕದವನ ಪಾಲು ಅದರ ಏಳು ಪಟ್ಟಿನಷ್ಟು. ಬೆಟ್ಟದ ದೊಡ್ಡಿಯಲ್ಲಿ ನಾಲ್ಕು ಹಸು ಕಟ್ಟಿಕೊಂಡವನ ಪಾಲು ಆ 2 ಟನ್ನಿಗೂ ಬಹಳ ಕೆಳಗಿರುತ್ತದೆ. ಈ ಪತ್ರ ಜನಸಂಖ್ಯೆಯ ಪ್ರಶ್ನೆಯನ್ನು ಪೂರ್ತಿ ಎದುರಿಸಲಿಲ್ಲ ಎಂದು ಟೀಕಿಸಿದ ಪರಿಸರವಾದಿಗಳೂ ಇದ್ದಾರೆ. ನೀರು, ಮೇವು, ಸೌದೆಗೆ ಮಿತಿ ಇರುವ ಕಡೆ ತಲೆಯೆಣಿಕೆಯೂ ಲೆಕ್ಕಕ್ಕೆ ಬರುತ್ತದೆ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೂ ಚಾಮರಾಜನಗರದ ಮಟ್ಟಿಗೆ ಪೋಪ್ ಹೇಳಿದ್ದೇ ಹೆಚ್ಚು ನಿಜ. ಇಲ್ಲಿಯ ಕರಿಕಲ್ಲನ್ನು ಕಡಿದು ಸಾಗಿಸುವುದು ಇಲ್ಲಿಯವರ ಮನೆಯ ನೆಲಹಾಸಿಗಲ್ಲ.

ಎರಡನೆಯದು ಮೂಲನಿವಾಸಿಗಳ ಬಗ್ಗೆ. ಅವರಿಗೆ ನೆಲ ಮಾರುವ ಸರಕಲ್ಲ. ದೇವರ ವರ, ಹಿರಿಯರು ಮಲಗಿರುವ ಜಾಗ. ತಮ್ಮ ನೆಲದಲ್ಲೇ ಉಳಿದಾಗ ಅದನ್ನು ಚೆನ್ನಾಗಿ ಕಾಯುವವರು ಅವರೇ ಎಂದು ಪತ್ರ ಹೇಳುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಮಾತಿಗೆ ಕಣ್ಣೆದುರಿನ ಸಾಕ್ಷಿ ಇದೆ. ಭಾರ್ಗವಿ ಹೊಳೆಯ ಬದಿಯ ದೊಡ್ಡಸಂಪಿಗೆ ಮರ ಇಲ್ಲಿಯ ಮೂಲನಿವಾಸಿಗಳಾದ ಸೋಲಿಗರಿಗೆ ದೇವರು. ಅದರ ಬುಡದಲ್ಲಿ ಸಾಲು ಕಲ್ಲುಗಳಿವೆ, ಅವಕ್ಕೆ ಪೂಜೆ ಸಲ್ಲುತ್ತದೆ. ಕಾಡಿನುದ್ದಕ್ಕೂ ಅವರಿಗೆ ಇಂಥ ಪವಿತ್ರ ತಾಣಗಳಿದ್ದು, ನಾನೂರಕ್ಕೂ ಹೆಚ್ಚನ್ನು ಸೋಲಿಗರೇ ಸಂಶೋಧಕರೊಂದಿಗೆ ಸೇರಿ ನಕ್ಷೆಯಲ್ಲಿ ಗುರುತಿಸಿದ್ದಾರೆ. ಹಿಂದೆ ಅವರು ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನೆಲದ ಒಣ ಎಲೆಯನ್ನಷ್ಟೇ ಸುಟ್ಟು ಮುಂದೆ ಹೋಗುತ್ತಿತ್ತು, ಕಳೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ಬೆಂಕಿಗೆ ನಿಷೇಧ ಬಿತ್ತು. ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯವರ ಅಧ್ಯಯನದಲ್ಲಿ 1997ರಲ್ಲಿ ಶೇ 41ರಷ್ಟು ಮಾದರಿ ತಾಣಗಳಲ್ಲಿದ್ದ ಲಂಟಾನ ಕಳೆ 2008ರ ಹೊತ್ತಿಗೆ ಶೇ 81ರಲ್ಲಿ ಬೆಳೆದು ನಿಂತಿತ್ತು. ಲಂಟಾನ ಆವರಿಸಿದ ಕಡೆ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿಗೆ ಮೇವಿಲ್ಲ. ಜನ ಹೆಚ್ಚಾಗದೆಯೂ ಕಾಡು ಕೆಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರಿಗೆ ಅಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು. ಕಾಡಿನಲ್ಲಿ ಜನರಿದ್ದೂ ಅಲ್ಲಿ ಹುಲಿ ಉಳಿದಿದೆ.

ಮಾನವ ಏಳಿಗೆಯ ಮಾತು ಬಂದಾಗ ಕ್ರೈಸ್ತೇತರರ ಕೆಲಸವನ್ನು ಬದಿಗಿಟ್ಟರೆ ಚಿತ್ರ ಅಪೂರ್ಣ. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳಿಗೆ ಶಾಲೆ, ತಾಯಂದಿರಿಗೆ ಆಸ್ಪತ್ರೆ ತಂದಿತು. 1986ರಲ್ಲಿ ಯಳಂದೂರಿನ ಕುಷ್ಠರೋಗ ನಿವಾರಣೆಗೆಂದು ಹುಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದನ್ನು ಪತ್ತೆಹಚ್ಚಿ ಚಿಕಿತ್ಸೆಗೆ ತೊಡಗಿದ್ದೂ ಇಂಥ ಕೆಲಸದಿಂದಲೇ. ಆ ದೋಷದ ಅಂಶ ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿದರೆ ಇದು ತಿಳಿಯುತ್ತದೆ. ಹೊಣೆಯರಿತ ತಾಯ್ತಂದೆತನ ಎಂಬುದು ಸೋಲಿಗರ ಹಾಡಿಗಳಾದ ಬೆಟ್ಟದ ಪೋಡುಗಳಲ್ಲಿ ಇಷ್ಟು ನಿರ್ದಿಷ್ಟವಾದ ವಿಷಯ.

ಕ್ರೈಸ್ತ ಸೇವೆಯ ಕಡೆ ನೋಡಿದರೆ ಕೊಳ್ಳೇಗಾಲ–ಹನೂರು ರಸ್ತೆಯ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಸಿಸ್ಟರ್‌ಗಳ ಆಸ್ಪತ್ರೆ ಇದೆ. ಹತ್ತಿರದಲ್ಲೇ ಗುಂಡಾಲ್ ಜಲಾಶಯ, ಸುತ್ತ ಮಳೆಯಾಶ್ರಿತ ಹೊಲಗಳು. ಯಾವ ಜಾತಿ, ಯಾವ ಧರ್ಮದ ಬಸುರಿಯಾದರೂ ನೋವು ಕಾಣಿಸಿಕೊಂಡ ರಾತ್ರಿ ಈ ಕಡೆಯ ಹಳ್ಳಿಗರು ನೆನೆಯುವ ಹೆಸರುಗಳಲ್ಲಿ ಇದೂ ಒಂದು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಜನ ನರಳಿದಾಗ ಅಸ್ವಸ್ಥರನ್ನು ಮೊದಲು ಸಾಗಿಸಿದ ಆಸ್ಪತ್ರೆಗಳಲ್ಲಿ ಕಾಮಗೆರೆಯದೂ ಸೇರಿತ್ತು. ಕಥೋಲಿಕ ಆಸ್ಪತ್ರೆಗಳಲ್ಲಿ ಸಂತಾನಹರಣ ಚಿಕಿತ್ಸೆ ಮಾಡುವಂತಿಲ್ಲ ಎಂಬುದು ಸಭೆಯ ನಿಯಮ. ಅದನ್ನು ಒಪ್ಪದವರೂ ಅಲ್ಲಿಯ ಹೆರಿಗೆ ಕೋಣೆಯನ್ನು ನಂಬುತ್ತಾರೆ. ಇತ್ತ ಮೈಸೂರು ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆಯಾದ ಒಡಿಪಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟುತ್ತ, ರೈತರೊಂದಿಗೆ ಕೆಲಸ ಮಾಡುತ್ತ ಬಂದಿದೆ. ಹೆಣ್ಣಿನ ಕೈಗೆ ನಾಲ್ಕು ಕಾಸು ಬಂದ ಮನೆಯಲ್ಲಿ ಮಕ್ಕಳು ಎಷ್ಟು, ಯಾವಾಗ ಎಂಬ ಮಾತುಕತೆಯಲ್ಲಿ ಅವಳಿಗೂ ಬಾಯಿ ಬರುತ್ತದೆ. ಸಾವಿರ ಉಪದೇಶಕ್ಕಿಂತ ಇದು ದೊಡ್ಡದು.

ವ್ಯಾಟಿಕನ್ ಕೂಡ ಹಿಂದೆ ಬೇರೆ ಬೇರೆಯಾಗಿದ್ದ ವಲಸೆ, ಆರೋಗ್ಯ, ನ್ಯಾಯ, ದಾನದ ಕಚೇರಿಗಳನ್ನು ಕೂಡಿಸಿ 2017ರ ಜನವರಿ 1ರಿಂದ ಸಮಗ್ರ ಮಾನವ ಏಳಿಗೆಗೆ ಒಂದೇ ಇಲಾಖೆ ಮಾಡಿತು. ಪರಿಸರವೂ ಅದರ ಹೊಣೆಯಲ್ಲಿದೆ. ಹಳ್ಳಿಯ ಧರ್ಮಕೇಂದ್ರಗಳಲ್ಲಿ ಮಾತ್ರ ಈ ಕೂಡುವಿಕೆ ಇನ್ನೂ ಸರಿಯಾಗಿ ಆಗಿಲ್ಲ. ಮದುವೆಯಾಗುವ ಪ್ರತಿ ಕಥೋಲಿಕ ಜೋಡಿಗೂ ವಿವಾಹ ಸಿದ್ಧತಾ ಶಿಬಿರ ಕಡ್ಡಾಯ. ದಾಂಪತ್ಯ ನಿಷ್ಠೆ, ಸಂತಾನ, ನೈಸರ್ಗಿಕ ಯೋಜನೆ ಅಲ್ಲಿ ಪಾಠವಾಗುತ್ತವೆ. ಕಾಡಂಚಿನಲ್ಲಿ ಸಂಸಾರ ಹೂಡುವ ಆ ಹುಡುಗ ಹುಡುಗಿಗೆ ಕೊಳವೆಬಾವಿ ಬತ್ತಿದರೆ ಏನು ಮಾಡಬೇಕು, ಹುಲಿ ಹಸುವನ್ನು ಹಿಡಿದರೆ ಪರಿಹಾರಕ್ಕೆ ಯಾರಿಗೆ ಯಾವ ಅರ್ಜಿ ಕೊಡಬೇಕು, ಬೇಲಿಗೆ ಕರೆಂಟು ಹರಿಸುವುದು ಏಕೆ ಕೊಲೆಗೆ ಸಮ ಎಂದೂ ಹೇಳಿಕೊಡಬೇಕಲ್ಲವೆ? ಹಸುವಿನ ಹೆಣಕ್ಕೆ ವಿಷ ಸವರುವ ಕೈ ಯಾವ ಧರ್ಮದ್ದೇ ಆಗಿರಲಿ, ಅದರ ಹಿಂದೆ ಬಾರದ ಪರಿಹಾರ, ಬಂದರೂ ತಡವಾದ ಪರಿಹಾರದ ಸಿಟ್ಟು ಇರುತ್ತದೆ. ಆ ಸಿಟ್ಟು ಅಪರಾಧಕ್ಕೆ ಸಮರ್ಥನೆಯಾಗದು, ಆದರೆ ಅದನ್ನು ಇಳಿಸದೆ ಹುಲಿಯನ್ನು ಉಳಿಸುವುದೂ ಆಗದು.

ಸಭೆಗೆ ಈ ಕೆಲಸಕ್ಕೆ ಹೊಸ ಹಬ್ಬ ಬೇಕಿಲ್ಲ. ಸೆಪ್ಟೆಂಬರ್ 1ರಿಂದ, ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವೆಂದು ಜಗತ್ತಿನ ಅನೇಕ ಕ್ರೈಸ್ತ ಸಭೆಗಳು ಆಚರಿಸುತ್ತವೆ. ಹನೂರಿನಲ್ಲಿ ಅದು ಮುಸುಕಿನ ಜೋಳ, ರಾಗಿ ಬೆಳೆದು ನಿಲ್ಲುವ, ಆನೆ ಹೊಲಕ್ಕಿಳಿಯುವ, ಗಂಡಸರು ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವ ಕಾಲ. ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೆ ಆ ಐದು ವಾರ ಮುಗಿದುಹೋಗಬಾರದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ನೆರವಿನಿಂದ ಲಂಟಾನ ಕಡಿದು ಅದರಿಂದಲೇ ಕುರ್ಚಿ ಮೇಜು ಹೆಣೆಯಲು ಕಲಿತಿದ್ದಾರೆ. ಧರ್ಮಪ್ರಾಂತ್ಯದ ಶಾಲೆ, ಆಸ್ಪತ್ರೆ, ಸಭಾಂಗಣಗಳು ತಮಗೆ ಬೇಕಾದ ಪೀಠೋಪಕರಣವನ್ನು ಅವರಿಂದಲೇ ಕೊಳ್ಳಬಹುದು. ದನಗಳ ಸಂಖ್ಯೆ ಇಳಿಸಿ ಹಾಲು ಹೆಚ್ಚಿಸುವ ದಾರಿ, ಕೊಟ್ಟಿಗೆಯಲ್ಲೇ ಮೇವು ಹಾಕುವ ಪದ್ಧತಿ, ಈ ಸೀಮೆಯದೇ ಆದ ಆಲಂಬಾಡಿ ತಳಿಯನ್ನು ಕೈಬಿಡದೆ ಇದನ್ನು ಮಾಡುವ ಬಗೆ, ಇವನ್ನು ಸ್ವಸಹಾಯ ಸಂಘಗಳಲ್ಲಿ ಚರ್ಚಿಸಬಹುದು. ಮಹದೇಶ್ವರನ ಒಕ್ಕಲು, ಸೋಲಿಗರು, ಕಥೋಲಿಕರು, ಮುಸ್ಲಿಮರು, ಒಡೆಯರಪಾಳ್ಯದ ಟಿಬೆಟಿಯನ್ನರು ಎಲ್ಲರೂ ಒಂದೇ ಮಳೆಯನ್ನು ನಂಬಿದವರು.

ಮಾರ್ಟಳ್ಳಿ, ಸಂದನಪಾಳ್ಯ, ಕಾಮಗೆರೆ, ಕೊಳ್ಳೇಗಾಲದ ಗುರುಗಳಿಗೂ ಸಿಸ್ಟರ್‌ಗಳಿಗೂ ಈ ಅಂಕಣದ ಕೋರಿಕೆ ಇಷ್ಟು: ಮುಂದಿನ ವಿವಾಹ ಸಿದ್ಧತಾ ಶಿಬಿರದಲ್ಲಿ ಒಂದು ಇಡೀ ಬೆಳಗನ್ನು ಗಂಡಸರಿಗೆಂದೇ ಮೀಸಲಿಡಿ. ಹೆಂಡತಿಯ ಆರೋಗ್ಯ, ರಕ್ತಹೀನತೆ, ಎರಡು ಹೆರಿಗೆಗಳ ನಡುವಿನ ಅಂತರ ಏಕೆ ಅವರ ಹೊಣೆಯೂ ಹೌದು ಎಂಬುದನ್ನು ಕಾಮಗೆರೆಯ ವೈದ್ಯರ ಬಾಯಿಂದಲೇ ಹೇಳಿಸಿ. ಆ ಮಧ್ಯಾಹ್ನ ಒಬ್ಬ ಅರಣ್ಯಾಧಿಕಾರಿಯನ್ನೂ ಒಬ್ಬ ಸೋಲಿಗ ಹಿರಿಯರನ್ನೂ ಅದೇ ಸಭಾಂಗಣಕ್ಕೆ ಕರೆಯಿಸಿ, ಬೆಳೆ ಮತ್ತು ಜಾನುವಾರು ಪರಿಹಾರದ ಅರ್ಜಿ ನಮೂನೆಗಳನ್ನು ಕೈಗೆ ಕೊಟ್ಟು ಕಳಿಸಿ. ಇದಕ್ಕೆ ರೋಮ್‌ನ ಅಪ್ಪಣೆಯೂ ಬೇಡ, ವಿಧಾನಸೌಧದ ಆದೇಶವೂ ಬೇಡ. ಬರುವ ಸೆಪ್ಟೆಂಬರ್‌ನಲ್ಲೇ ಶುರು ಮಾಡಬಹುದು.